ಬಸವನಗುಡಿಯಿಂದ ಭೀಮೇಶ್ವರಿಗೆ: ನೀರಿನ ಜಾಡಿನಲ್ಲಿ ಗಾಳದ ಕೋಲು

ಬೆಂಗಳೂರಿಗೆ ನದಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದಳೆಂದು ಹಿರಿಯರು ನಂಬಿದ ವೃಷಭಾವತಿ ಇಂದಿಗೂ ವರ್ಷದ ಹನ್ನೆರಡು ತಿಂಗಳೂ ಹರಿಯುತ್ತಾಳೆ. ನಾವು ಅವಳನ್ನು ಮೋರಿಯೆಂದು ಕರೆದು ಜವಾಬ್ದಾರಿ ಕಳಚಿಕೊಂಡಿದ್ದೇವೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಗರದ ಪಶ್ಚಿಮಕ್ಕೆ ಹಾದು ಹೋಗುತ್ತಾಳೆ. ಕನಕಪುರದ ಬಳಿ ಇಬ್ಬರೂ ಒಂದಾಗಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾರೆ. ಅಲ್ಲಿಂದ ತುಸು ಮೇಲೆ, ಕಾವೇರಿಯ ಗಾಲಿಬೋರೆಯಂಥ ಮಡುಗಳಲ್ಲಿ, ಒಂದು ಕಾಲಕ್ಕೆ ಜಗತ್ತಿನ ಗಾಳಗಾರರೆಲ್ಲ ಕನಸು ಕಾಣುತ್ತಿದ್ದ ಮೀನು ಇತ್ತು.

ಅಣ್ಣನ ಮಗನಿಗೆ ಗಾಳವೆಂದರೆ ಪ್ರಾಣ. ಪದವಿ ಓದುತ್ತಿರುವ ಹುಡುಗ, ರಜೆ ಸಿಕ್ಕರೆ ಕೋಲು ಹಿಡಿದು ಹೊರಡುತ್ತಾನೆ. ಆದರೆ ಅವನು ಗಾಳ ಹಾಕುವುದನ್ನು ಕಲಿತದ್ದು ನಗರದ ಅಂಚಿನ ಕೆರೆಗಳಲ್ಲಿ, ಹಣ ಕಟ್ಟಿ ಕೂರುವ ಕೊಳಗಳಲ್ಲಿ. ಅವನಿಗೆ ಸಿಕ್ಕಿರುವುದೆಲ್ಲ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್, ಸಾಕಿದ ಕಾಟ್ಲಾ. ಹರಿಯುವ ನೀರಿನಲ್ಲಿ ಹುಟ್ಟಿ ಬೆಳೆದ ಮೀನನ್ನು ಅವನು ಮುಟ್ಟಿರಲೇ ಇಲ್ಲ. "ಬಿಳಿಮೀನು ಈಗಲೂ ಇದೆಯೇ ಚಿಕ್ಕಪ್ಪ?" ಎಂದು ಅವನು ಕೇಳಿದಾಗ, ಬಿಳಿಮೀನು, ಅಂದರೆ ಮಹಶೀರ್ ಬಗ್ಗೆ ಓದಿದ್ದನ್ನು ಹೇಳಿ ಮುಗಿಸುವುದಕ್ಕಿಂತ ನೀರು ಹೋದ ದಾರಿಯಲ್ಲೇ ಅವನನ್ನು ಕರೆದುಕೊಂಡು ಹೋಗುವುದು ಸರಿ ಎನಿಸಿತು. ಫೆಬ್ರುವರಿ ತಿಂಗಳು. ಅವನ ಬೈಕು, ಎರಡು ಕೋಲು, ಒಂದು ನೋಟುಪುಸ್ತಕ. ಹೋದಲ್ಲೆಲ್ಲ ಒಂದೇ ವಿಷಯ ವಿಚಾರಿಸುವುದೆಂದು ಮಾತಾಡಿಕೊಂಡೆವು: ಇಲ್ಲಿ ಗಾಳ ಹಾಕುತ್ತಿದ್ದವರು ಯಾರು, ಏನು ಸಿಗುತ್ತಿತ್ತು, ಯಾವಾಗ ನಿಂತಿತು.

ಗುರುವಾರ: ಬಸವನಗುಡಿ, ಕೆಂಗೇರಿ, ಬೈರಮಂಗಲ

ಬೆಳಗಿನ ಆರಕ್ಕೆ ದೊಡ್ಡ ಬಸವಣ್ಣನ ಗುಡಿಯ ಮುಂದಿದ್ದೆವು. ಒರತೆಯ ಕುರುಹು ಈಗ ಹುಡುಕಿದರೂ ಸಿಗುವುದಿಲ್ಲ. ಮಲ್ಲೇಶ್ವರದ ಕಡೆಯಿಂದ ಬರುವ ಇನ್ನೊಂದು ಕವಲಿನ ಕಥೆಯೂ ಅದೇ; ಕಾಂಕ್ರೀಟಿನ ಕೆಳಗೆ ಸೇರಿದ ನೀರು ಮತ್ತೆ ಬೆಳಕು ಕಾಣುವಷ್ಟರಲ್ಲಿ ಕಪ್ಪಾಗಿರುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ನದಿಯ ದಂಡೆಯ ಗುಡಿ. ಜೋರು ಮಳೆ ಬಂದಾಗ ರಾಜಕಾಲುವೆಯ ನೀರು ಗರ್ಭಗುಡಿಯತ್ತ ನುಗ್ಗುವುದನ್ನು ಪತ್ರಿಕೆಗಳಲ್ಲಿ ನೋಡುತ್ತಲೇ ಇರುತ್ತೇವೆ. ಅಲ್ಲಿಂದ ಮುಂದೆ ಮೆಟ್ರೊ ಮಾರ್ಗದ ಪಕ್ಕದಲ್ಲೇ ನದಿಯ ಪಯಣ. ಮೇಲೆ ರೈಲಿನಲ್ಲಿ ಸಾವಿರಾರು ಜನ ಹೋಗುತ್ತಾರೆ, ಕೆಳಗೆ ಹರಿಯುವುದರ ಹೆಸರು ಎಷ್ಟು ಜನರಿಗೆ ಗೊತ್ತೋ!

ಕೆಂಗೇರಿಯಲ್ಲಿ ಹಳೆಯ ಮನೆಯ ಜಗಲಿಯ ಮೇಲೆ ಕುಳಿತಿದ್ದ ಅಜ್ಜ ನಮ್ಮ ಕೋಲುಗಳನ್ನು ನೋಡಿ ತಾವೇ ಮಾತಿಗೆಳೆದರು. ಅವರ ಹುಡುಗತನದಲ್ಲಿ ಬೇಸಿಗೆಯ ಹೊತ್ತು ನದಿಯ ಮರಳಿನಲ್ಲಿ ಚಿಲುಮೆ ತೋಡಿ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದರಂತೆ. ಎರೆಹುಳು ಸಿಕ್ಕಿಸಿ ಬಂಡೆಯ ಸಂದಿಗೆ ಬಿಟ್ಟರೆ ಕೊರವ ಮೀನು. ಹೊಸ ಮಳೆಗೆ ನೀರು ಕೆಂಪಾದಾಗ ಮೇಲಕ್ಕೆ ಹತ್ತಿ ಬರುವ ಸಣ್ಣ ಮೀನುಗಳನ್ನು ಹಿಡಿಯಲು ಕೂಳಿ ಇಡುತ್ತಿದ್ದರು. "ಮೊದಲು ಸಣ್ಣ ಮೀನು ಹೋದವು. ಆಮೇಲೆ ಕಪ್ಪೆ. ಕೊರವ ಬಹಳ ದಿನ ಇತ್ತು" ಎಂದರು.

ಆ ಒಂದು ಮಾತಿನಲ್ಲಿ ನದಿ ಸಾಯುವ ಕ್ರಮವೇ ಇದೆ. ಕೊಳಚೆಯಲ್ಲಿನ ಸಾವಯವ ವಸ್ತುವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಹರಿಯುವ ನೀರಿನ ಹೆಚ್ಚಿನ ಮೀನುಗಳಿಗೆ ಲೀಟರಿಗೆ 4ರಿಂದ 5 ಮಿಲಿಗ್ರಾಂ ಆಮ್ಲಜನಕವಾದರೂ ಬೇಕು. ಪಾಚಿ ಮತ್ತು ಜಲಸಸ್ಯಗಳು ಹಗಲಲ್ಲಿ ಆಮ್ಲಜನಕ ಕೊಟ್ಟರೂ ರಾತ್ರಿ ಅವೂ ಅದನ್ನೇ ಉಸಿರಾಡುವುದರಿಂದ ನಸುಕಿಗೆ ಮಟ್ಟ ತಳ ಮುಟ್ಟುತ್ತದೆ. ಮೀನುಗಳ ಸಾಮೂಹಿಕ ಸಾವು ಬೆಳಗಿನ ಹೊತ್ತು ಕಣ್ಣಿಗೆ ಬೀಳುವುದು ಇದೇ ಕಾರಣಕ್ಕೆ. ಕೊರವದಂಥ ಮೀನು ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸಬಲ್ಲದು, ಆದ್ದರಿಂದ ಕೊನೆಯವರೆಗೂ ತಡೆದುಕೊಳ್ಳುತ್ತದೆ. ಅಜ್ಜನಿಗೆ ಯಾವ ಉಪಕರಣವೂ ಬೇಕಾಗಿರಲಿಲ್ಲ. ದಿನವೂ ದಂಡೆಯಲ್ಲಿ ಕುಳಿತವನಿಗೆ ಪ್ರಯೋಗಾಲಯದ ವರದಿಗಿಂತ ಮೊದಲೇ ಎಲ್ಲವೂ ತಿಳಿದಿತ್ತು. ಯಾರೂ ಅವನನ್ನು ಕೇಳಲಿಲ್ಲ.

ಬಿಡದಿ ದಾಟಿ ಬೈರಮಂಗಲ ಕೆರೆಗೆ ಬಂದಾಗ ಮಧ್ಯಾಹ್ನ ಮೀರಿತ್ತು. 1940ರ ದಶಕದಲ್ಲಿ ಬೇಸಾಯಕ್ಕೆಂದು ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ ಇದು. ಕೋಡಿಯ ಬಳಿ ನೊರೆ ಎದೆಯೆತ್ತರಕ್ಕೆ ಎದ್ದಿತ್ತು. ಮಾರ್ಜಕಗಳೂ ಕೊಳಚೆಯೂ ಸೇರಿದ ನೀರು ಮೇಲಿಂದ ಧುಮುಕಿದಾಗ ಗಾಳಿ ತುಂಬಿಕೊಂಡು ಏಳುವ ನೊರೆ ಅದು. ಬೆಂಗಳೂರಿನ ಪೂರ್ವದಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದಾಗ ದೇಶವೇ ಮಾತಾಡಿತು. ಬೈರಮಂಗಲದ ರೈತರು ಇದೇ ನೀರನ್ನು ಹೊಲಕ್ಕೆ ಹಾಯಿಸಿಕೊಂಡು ಮೇವಿನ ಹುಲ್ಲು, ಹಿಪ್ಪುನೇರಳೆ ಬೆಳೆಯುತ್ತಿರುವುದರ ಬಗ್ಗೆ ಅಷ್ಟು ಮಾತು ಕೇಳಿಬರುವುದಿಲ್ಲ.

ಏರಿಯ ಮೇಲೆ ಸಿಕ್ಕಿದ ಒಬ್ಬರು ಹಿಂದೆ ಇಲ್ಲಿ ಬಲೆ ಬೀಸುತ್ತಿದ್ದವರು. ಈಗ ಬೇರೆ ಕೆಲಸ ಹಿಡಿದಿದ್ದಾರೆ. ಮೀನು ಇಲ್ಲವೇ ಎಂದರೆ ಇದೆ ಎಂದರು, ಆಫ್ರಿಕನ್ ಕ್ಯಾಟ್‌ಫಿಶ್. ಕೇಂದ್ರ ಸರ್ಕಾರ 2000ದಲ್ಲೇ ಅದರ ಸಾಕಣೆಯನ್ನು ನಿಷೇಧಿಸಿತು. ಅದು ಗಾಳಿಯನ್ನು ಉಸಿರಾಡುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಇತರ ಮೀನುಗಳ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ಹುಡುಗ ಕೋಲನ್ನು ಚೀಲದಿಂದ ತೆಗೆಯಲಿಲ್ಲ. ಅವನಿಗೆ ಇದುವರೆಗೆ ಖುಷಿ ಕೊಟ್ಟಿದ್ದ ಮೀನು ಯಾವ ನೀರಿನ ಮೀನು ಎಂಬುದು ಅವನ ಕಣ್ಣೆದುರಿಗೇ ಇತ್ತು.

ಶುಕ್ರವಾರ: ಅರ್ಕಾವತಿಯ ದಂಡೆ

ವೃಷಭಾವತಿಯಲ್ಲಿ ನೀರಿದೆ, ಜೀವವಿಲ್ಲ. ಅರ್ಕಾವತಿಯಲ್ಲಿ ಮೇಲ್ಭಾಗದಲ್ಲಿ ನೀರೇ ಇಲ್ಲ. ಬೆಂಗಳೂರಿಗೆ ಮೊದಲ ಬಾರಿಗೆ ಕೊಳವೆಯಲ್ಲಿ ನೀರು ಬಂದದ್ದು ಇದೇ ನದಿಯ ಹೆಸರಘಟ್ಟ ಕೆರೆಯಿಂದ, 1894ರಲ್ಲಿ. ಅದು ಸಾಲದಾದಾಗ 1933ರಲ್ಲಿ ಕುಮುದ್ವತಿ ಬಂದು ಸೇರುವ ಜಾಗದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ನಗರ ಒಂದು ಶತಮಾನ ಕಾಲ ಅರ್ಕಾವತಿಯ ಹಾಲು ಕುಡಿದು ಬೆಳೆಯಿತು. ಆಮೇಲೆ ಒಳಹರಿವು ಕುಗ್ಗುತ್ತಾ ಬಂದು, ಬಂದ ನೀರೂ ಕೆಟ್ಟು, ಜಲಾಶಯದಿಂದ ಕುಡಿಯುವ ನೀರೆತ್ತುವುದೇ ನಿಂತಿತು. ಮಳೆ ಕಡಿಮೆಯಾಯಿತು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಈ ಕೊಳ್ಳವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಏಟ್ರೀ ಸಂಸ್ಥೆಯ ಸಂಶೋಧಕರು ಮಳೆಯನ್ನು ದೂರಲಿಲ್ಲ. ಕೊಳವೆಬಾವಿಗಳು ಅಂತರ್ಜಲವನ್ನು ಹೀರಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು ಮುಖ್ಯ ಕಾರಣಗಳೆಂದರು. ಭೂಮಿಯೊಳಗಿನ ನೀರು ನದಿಯ ಪಾತ್ರಕ್ಕೆ ಜಿನುಗುತ್ತಿದ್ದಾಗಲಷ್ಟೇ ಬೇಸಿಗೆಯಲ್ಲೂ ಹರಿವು ಇರುತ್ತದೆ. ಅದು ಸಾವಿರ ಅಡಿಗೆ ಇಳಿದರೆ ನದಿ ಮಳೆಗಾಲದ ನೆರೆಯಾಗಿ ಮಾತ್ರ ಉಳಿಯುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ತೋಪುಗಳು ಬೇರು ಬಿಟ್ಟು ದಶಕಗಳಾಗಿದ್ದವು.

ಮಂಚನಬೆಲೆ ಜಲಾಶಯದ ಕೆಳಗೆ, ಬಂಡೆಗಳ ನಡುವೆ ತೆಳ್ಳಗೆ ನೀರು ಹರಿಯುವ ಕಡೆ ಮೂವರು ಹಳ್ಳಿಯ ಹುಡುಗರು ಬಿದಿರಿನ ಕೋಲು ಹಿಡಿದು ಕುಳಿತಿದ್ದರು. ಜೋಳದ ದಂಟಿನ ಬೆಂಡು, ತೆಳು ನೂಲು, ಎರೆಹುಳು. ಅವರ ಬಳಿಯೇ ಕುಳಿತೆವು. ನಮ್ಮ ಹುಡುಗ ತನ್ನ ದುಬಾರಿ ಕೋಲು ಬಿಟ್ಟು ಅವರಲ್ಲೊಬ್ಬನ ಬಿದಿರು ಕೋಲನ್ನೇ ಎರವಲು ಪಡೆದ. ಬೆಂಡು ಎರಡು ಸಲ ಕುಣಿದು ಓರೆಯಾಗಿ ಮುಳುಗಿತು. ಎಳೆದಾಗ ಬೆರಳುದ್ದದ ಪಕ್ಕೆ. ಬೆಳ್ಳಿಯ ಮೈ, ಬಾಲದ ಬಳಿ ಒಂದು ಕಪ್ಪು ಚುಕ್ಕೆ. ನದಿಯಲ್ಲಿ ಹುಟ್ಟಿದ ಮೀನು ಅವನ ಅಂಗೈಯಲ್ಲಿ ಮಿಸುಕಿದ್ದು ಅದೇ ಮೊದಲು. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕೆಂದು ನಾನು ಹೇಳಿದೆ. ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಸೋಂಕು ತಗಲುತ್ತದೆ. ಅವನು ಅದನ್ನು ನೀರಿಗೆ ಬಿಟ್ಟಾಗ ಹಳ್ಳಿಯ ಹುಡುಗರಿಗೆ ಅಚ್ಚರಿ. ಅವರು ಹಿಡಿದದ್ದು ಸಂಜೆಯ ಸಾರಿಗೆ, ಅದರಲ್ಲಿ ಯಾವ ತಪ್ಪೂ ನನಗೆ ಕಾಣುವುದಿಲ್ಲ. ಬಿದಿರು ಕೋಲು ಯಾವ ನದಿಯನ್ನೂ ಬರಿದು ಮಾಡಿಲ್ಲ.

ಈ ನಾಡಿನಲ್ಲಿ ಗಾಳ ಹಾಕುವುದು ಬ್ರಿಟಿಷರು ತಂದ ಹವ್ಯಾಸ ಎಂದು ತಿಳಿದವರಿದ್ದಾರೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ; ಮೀನಿನ ಬಗೆಗಳು, ಅವುಗಳಿಗೆ ಒಡ್ಡುವ ಆಹಾರ, ಕೋಲು ಮತ್ತು ದಾರದ ವಿಚಾರ ಎಲ್ಲವೂ ಅದರಲ್ಲಿ ಬರುತ್ತವೆ. ಹುಡುಗನಿಗೆ ಇದನ್ನು ಹೇಳಿದಾಗ ಅವನು ನೋಟುಪುಸ್ತಕದಲ್ಲಿ ಬರೆದುಕೊಂಡ.

ರಾಮನಗರ ತಲುಪುವ ಹೊತ್ತಿಗೆ ಅರ್ಕಾವತಿ ಮತ್ತೆ ಕೆಟ್ಟಿದ್ದಳು. ರಾತ್ರಿ ಅಲ್ಲೇ ಉಳಿದೆವು.

ಶನಿವಾರ: ಕನಕಪುರ, ಹಾರೋಬೆಲೆ, ಸಂಗಮ

ಕನಕಪುರದ ಬಳಿ ವೃಷಭಾವತಿ ಅರ್ಕಾವತಿಗೆ ಸೇರುತ್ತಾಳೆ. ಅಲ್ಲಿಂದ ಕೆಳಗೆ ಹಾರೋಬೆಲೆ ಜಲಾಶಯ. ನೀರಿನ ಮೇಲೆ ಹಸಿರು ಪಾಚಿ ಹೆಪ್ಪುಗಟ್ಟಿತ್ತು. ನಿಂತ ನೀರಿನಲ್ಲಿ ಕೊಳಚೆಯ ಸಾರಜನಕ, ರಂಜಕ ಸೇರಿದರೆ ಆಗುವುದು ಅದೇ. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಸಂಗಮಕ್ಕೆ ಬಂದಾಗ ವಾರಾಂತ್ಯದ ಜನಜಾತ್ರೆ. ಮೇಕೆದಾಟು ನೋಡಲು ಬಂದವರು ಹರಿಗೋಲಿನಲ್ಲಿ ದಾಟುತ್ತಿದ್ದರು, ಆಚೆ ದಡದಿಂದ ನಾಲ್ಕು ಕಿಲೋಮೀಟರ್ ದೂರದ ಕಮರಿಗೆ ಹಳೆಯ ಬಸ್ಸು. ನಾವು ಜನರಿಂದ ದೂರ, ಎರಡು ನೀರು ಕೂಡುವಲ್ಲಿ ಬಂಡೆಯ ಮೇಲೆ ಕುಳಿತೆವು. ಕಾವೇರಿ ತಿಳಿಹಸಿರು, ಅರ್ಕಾವತಿ ಮಬ್ಬುಕಂದು. ತುಸು ದೂರ ಎರಡೂ ಬೇರೆ ಬೇರೆಯಾಗಿ ಹರಿದು ಆಮೇಲೆ ಗೆರೆ ಅಳಿಸುತ್ತದೆ.

ಆ ಬಂಡೆಯ ಮೇಲೆ ಹುಡುಗನಿಗೆ ನಕ್ಷೆ ಬಿಡಿಸಿ ತೋರಿಸಿದೆ. ಬೆಂಗಳೂರು ಕುಡಿಯುವ ಕಾವೇರಿ ನೀರನ್ನು ಎತ್ತುವುದು ಇಲ್ಲಿಗಿಂತ ಮೇಲೆ, ಶಿವ ಅಣೆಕಟ್ಟಿನ ಬಳಿ. 1974ರಲ್ಲಿ ಮೊದಲ ಹಂತ ಶುರುವಾಯಿತು, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಬಂದು ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಸೇರಿತು. ಈಗ ಒಟ್ಟು ಸುಮಾರು 220 ಕೋಟಿ ಲೀಟರ್. ಮನೆಯಲ್ಲಿ ಬಳಸಿದ ನೀರಿನ ಸುಮಾರು ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ನಗರ ಇರುವುದು ಎತ್ತರದ ದಿಣ್ಣೆಯ ಮೇಲೆ. ಪೂರ್ವದ ಇಳಿಜಾರಿನ ಕೊಳಚೆ ದಕ್ಷಿಣ ಪಿನಾಕಿನಿಯತ್ತ, ಪಶ್ಚಿಮದ್ದು ವೃಷಭಾವತಿಗೆ. ಅಂದರೆ ಶಿವ ಅಣೆಕಟ್ಟಿನ ಬಳಿ ಕಾವೇರಿಯಿಂದ ತೆಗೆದುಕೊಂಡದ್ದರಲ್ಲಿ ದೊಡ್ಡದೊಂದು ಪಾಲನ್ನು ನಾವು ಸಂಗಮದಲ್ಲಿ ಅವಳಿಗೇ ಹಿಂತಿರುಗಿಸುತ್ತಿದ್ದೇವೆ, ಅದೂ ಈ ಬಣ್ಣದಲ್ಲಿ. ಐದನೆಯ ಹಂತದ ನಲ್ಲಿಗಳು ಮನೆಮನೆಗೆ ಬಂದಷ್ಟೂ ಶುದ್ಧೀಕರಣ ಘಟಕಗಳು ಅದೇ ವೇಗದಲ್ಲಿ ಬೆಳೆಯದಿದ್ದರೆ ಇಲ್ಲಿಯ ಗೆರೆ ಇನ್ನೂ ಕಪ್ಪಾಗುತ್ತದೆ. ಕಾವೇರಿಯ ಹರಿವು ದೊಡ್ಡದಿರುವವರೆಗೆ ಮಬ್ಬು ಕರಗಿ ಹೋಗುತ್ತದೆ. ಬೇಸಿಗೆಯ ಕೊನೆಯಲ್ಲಿ, ಹರಿವು ಬಡವಾದಾಗ, ಮೀನಿಗೆ ತಪ್ಪಿಸಿಕೊಳ್ಳಲು ಮಡುಗಳೇ ಗತಿ.

"ಹಾಗಾದರೆ ನಮ್ಮ ಬಚ್ಚಲಿನ ನೀರು ಬಿಳಿಮೀನಿನ ಮನೆಗೆ ಹೋಗುತ್ತದೆ" ಎಂದ ಹುಡುಗ. ಹೌದು, ಅಷ್ಟೇ.

ಇದೇ ಕಣಿವೆಯಲ್ಲಿ ಮೇಕೆದಾಟು ಸಮತೋಲನ ಜಲಾಶಯದ ಯೋಜನೆಯಿದೆ, ಸುಮಾರು 67 ಟಿಎಂಸಿ ಅಡಿ ನೀರು ಹಿಡಿಯುವಂಥದ್ದು. ಬೆಂಗಳೂರಿಗೆ ಕುಡಿಯುವ ನೀರು ಬೇಕು ಎಂಬುದನ್ನು ನಾನು ಲಘುವಾಗಿ ಕಾಣುವುದಿಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲೂ ಟ್ಯಾಂಕರಿಗೆ ಸಾಲು ನಿಂತಿತ್ತು. ಆದರೆ ಜಲಾಶಯ ಬಂದರೆ ಕಾವೇರಿ ವನ್ಯಜೀವಿ ಅಭಯಾರಣ್ಯದ ಸಾವಿರಾರು ಹೆಕ್ಟೇರ್ ಮುಳುಗುತ್ತದೆ, ಧುಮುಕುವ ನದಿ ನಿಂತ ಕೆರೆಯಾಗುತ್ತದೆ. ಬಿಳಿಮೀನು ಕೆರೆಯ ಮೀನಲ್ಲ. ಮುಂಗಾರಿನ ಹೊಸ ನೀರಿಗೆ ಎದುರಾಗಿ ಹತ್ತಿ, ಆಮ್ಲಜನಕ ತುಂಬಿದ ನೀರಿನ ಬೆಣಚುಕಲ್ಲಿನ ಹಾಸಿನಲ್ಲಿ ಮೊಟ್ಟೆಯಿಡುವ ಮೀನು. ಅದೇ ನಗರ ತಾನು ಹೊರಹಾಕುವ ನೀರನ್ನು ಚೆನ್ನಾಗಿ ಶುದ್ಧೀಕರಿಸಿ ಮತ್ತೆ ಬಳಸಿದರೆ ಎಷ್ಟು ಹೊಸ ನೀರು ಉಳಿಯುತ್ತದೆ ಎಂಬ ಲೆಕ್ಕ ಅಣೆಕಟ್ಟಿನ ಲೆಕ್ಕಕ್ಕಿಂತ ಮೊದಲು ಮೇಜಿನ ಮೇಲೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಭಾನುವಾರ: ಭೀಮೇಶ್ವರಿ

ಸಾತನೂರು, ಹಲಗೂರು ದಾಟಿ ಮುತ್ತತ್ತಿಯ ಕಾಡುದಾರಿ ಹಿಡಿದೆವು. ಭೀಮೇಶ್ವರಿಯಲ್ಲಿ ನಮಗಾಗಿ ಕಾದಿದ್ದವರು ಹಿಂದೆ ಇಲ್ಲಿಯ ಮೀನು ಶಿಬಿರಗಳಲ್ಲಿ ಮಾರ್ಗದರ್ಶಿಯಾಗಿದ್ದ ಹಿರಿಯರು. ಅದಕ್ಕೂ ಮೊದಲು ಅವರು ಏನು ಮಾಡುತ್ತಿದ್ದರೆಂಬುದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು: ತೋಟೆ ಸಿಡಿಸಿ ಮೀನು ಹಿಡಿಯುತ್ತಿದ್ದರು. ಮಡುವಿಗೆ ಸಿಡಿಮದ್ದು ಎಸೆದರೆ ದೊಡ್ಡ ಮೀನೂ ಮರಿಯೂ ಒಟ್ಟಿಗೆ ಸಾಯುತ್ತವೆ. ಮೇಲೆ ತೇಲುವುದು ಸ್ವಲ್ಪ, ತಳಕ್ಕೆ ಮುಳುಗಿ ಕೊಳೆಯುವುದು ಹೆಚ್ಚು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆ ಕಾಯ್ದೆಯನ್ನು ಈ ಕಾಡಿನ ಮಡುವಿನಲ್ಲಿ ಜಾರಿಗೆ ತರುವವರು ಯಾರು?

ಸ್ವಲ್ಪ ಕಾಲ ಜಾರಿಗೆ ತಂದವರು ಗಾಳಗಾರರು. ಕಾವೇರಿಯ ಮಹಶೀರ್‌ನ ಕೀರ್ತಿ ಹಳೆಯದು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮೀನು ಇಂದಿಗೂ ದಾಖಲೆ. ಸ್ವಾತಂತ್ರ್ಯದ ನಂತರ ಜಗತ್ತು ಅದನ್ನು ಮರೆತಿತ್ತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಗಾಳಗಾರರ ಒಂದು ತಂಡ ಇಲ್ಲಿ ದೊಡ್ಡ ಮೀನು ಇನ್ನೂ ಇದೆಯೆಂದು ತೋರಿಸಿತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಕಾಯಲು ಮುಂದಾಯಿತು, ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರ ನಡೆಸಿತು. ನಿಯಮ ಒಂದೇ: ಹಿಡಿದ ಮೀನನ್ನು ತೂಗಿ, ಬರೆದು, ಮತ್ತೆ ನೀರಿಗೆ ಬಿಡಬೇಕು. ತೋಟೆ ಹಾಕುತ್ತಿದ್ದವರಿಗೇ ಸಂಬಳ ಕೊಟ್ಟು ಮಾರ್ಗದರ್ಶಿಗಳನ್ನಾಗಿ ಮಾಡಿದರು.

ಗಾಳಕ್ಕೆ ಇವರು ಬಳಸುತ್ತಿದ್ದುದು ರಾಗಿ ಮುದ್ದೆ! ಲಂಡನ್ನಿನಿಂದ ಬಂದವರು ತಂದಿದ್ದ ಹೊಳೆಯುವ ಸಾಮಾನುಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದು, ಮಂಡ್ಯ ಸೀಮೆಯ ಮುದ್ದೆಗೆ ಬಿಳಿಮೀನು ಬಾಯಿ ಹಾಕುತ್ತಿತ್ತು. ಹಿಟ್ಟನ್ನು ಗಟ್ಟಿಯಾಗಿ ನಾದಿ, ಮಸಾಲೆ ಸೇರಿಸಿ, ನೀರಿನಲ್ಲಿ ಬೇಯಿಸಿದರೆ ರಭಸದ ಹರಿವಿನಲ್ಲೂ ಬಿಟ್ಟುಹೋಗದಂತೆ ಗಾಳವನ್ನು ಕಚ್ಚಿಕೊಂಡಿರುತ್ತದೆ. ಮೊದಲ ಓಟಕ್ಕೆ ನೂರಾರು ಅಡಿ ದಾರ ಹರಿದುಹೋಗುವುದು, ಬಂಡೆಯ ಹಿಂದೆ ಸುತ್ತಿಕೊಂಡ ದಾರ ಬಿಡಿಸಲು ಹರಿಗೋಲಿನಲ್ಲಿ ಸುಳಿಗೇ ಹೋಗುವುದು, ದಣಿದ ಮೀನನ್ನು ಹರಿವಿಗೆ ಮುಖಮಾಡಿ ಹಿಡಿದು ಅದರ ಕಿವಿರು ಮತ್ತೆ ಚೇತರಿಸಿಕೊಳ್ಳುವವರೆಗೆ ಸೊಂಟದಾಳ ನೀರಿನಲ್ಲಿ ನಿಲ್ಲುವುದು: ಹಿರಿಯರು ಹೇಳುತ್ತಲೇ ಹೋದರು, ಹುಡುಗ ಊಟ ಮರೆತು ಕೇಳಿದ.

ಶಿಬಿರಗಳಲ್ಲಿ ಹಾಗೆ ಬರೆದಿಟ್ಟ ಲೆಕ್ಕಪುಸ್ತಕಗಳು ಏನು ಹೇಳಿದವೆಂಬುದು ಇನ್ನೂ ದೊಡ್ಡ ಸಂಗತಿ. 1998ರಿಂದ 2012ರವರೆಗಿನ ಒಂದು ಶಿಬಿರದ ದಾಖಲೆಗಳನ್ನು ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ವಿಶ್ಲೇಷಿಸಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆ. ಕಾವಲು ಇದ್ದಷ್ಟು ಕಾಲ ಮಹಶೀರ್‌ಗಳ ಸಂಖ್ಯೆ ಏರುತ್ತಲೇ ಹೋಗಿತ್ತು. ಆದರೆ ಅವುಗಳಲ್ಲಿ ಹೆಚ್ಚಿನವು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯ ಮೂಲನಿವಾಸಿಯಲ್ಲ. ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು 1970ರ ದಶಕದಿಂದ ದೇಶದ ನದಿಗಳಿಗೆ ಬಿಡುತ್ತಾ ಬಂದಿದ್ದರು, ಕಾವೇರಿಗೂ. ಬೆನ್ನಿನಲ್ಲಿ ಗೂನು, ಕಿತ್ತಳೆ ಬಣ್ಣದ ರೆಕ್ಕೆಯಿರುವ ಕಾವೇರಿಯ ಸ್ವಂತ ದೈತ್ಯ ಮೀನು ಮಾತ್ರ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಾ ಬಂದಿತ್ತು. ಅದಕ್ಕೆ ಸರಿಯಾದ ವೈಜ್ಞಾನಿಕ ಗುರುತು, ಟಾರ್ ರೆಮದೇವಿಯೈ ಎಂಬ ಹೆಸರು, ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿನಲ್ಲಿಟ್ಟಿತು. ಈಗ ಅದರ ಮುಖ್ಯ ಆಸರೆ ಮೋಯಾರ್ ನದಿ.

ಇದನ್ನು ಗಾಳಗಾರರಾದ ನಾವು ಎದೆ ಗಟ್ಟಿ ಮಾಡಿಕೊಂಡು ಓದಬೇಕು. ಹೆಚ್ಚು ಮೀನು ಸಿಗಲಿ ಎಂಬ ಆಸೆಗೆ ಬಿಟ್ಟ ಮರಿಗಳು ಮೂಲ ಮೀನಿನ ಜಾಗವನ್ನೇ ಕಬಳಿಸಿರಬಹುದು. ಆದರೆ ಆ ಮೀನು ಕಣ್ಮರೆಯಾಗುತ್ತಿದೆ ಎಂದು ಜಗತ್ತಿಗೆ ತಿಳಿದದ್ದೂ ಗಾಳಗಾರರು ಬರೆದಿಟ್ಟ ಪುಸ್ತಕಗಳಿಂದಲೇ. ಅವರಿಲ್ಲದಿದ್ದರೆ ಅದು ಹೋದದ್ದೂ ಗೊತ್ತಾಗುತ್ತಿರಲಿಲ್ಲ.

ಅಭಯಾರಣ್ಯದೊಳಗೆ ಗಾಳ ಹಾಕುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ನಿಲುವಿನಿಂದ 2010ರ ನಂತರದ ವರ್ಷಗಳಲ್ಲಿ ಶಿಬಿರಗಳಲ್ಲಿ ಗಾಳ ನಿಂತಿತು. ಕಾನೂನಿನ ತರ್ಕ ನನಗೆ ಅರ್ಥವಾಗುತ್ತದೆ. ಆನೆ, ನೀರುನಾಯಿ, ಮೊಸಳೆಗಳ ಮನೆಯಲ್ಲಿ ಮೋಜಿಗೆ ಜಾಗವಿಲ್ಲ ಎನ್ನುವುದರಲ್ಲಿ ನ್ಯಾಯವಿದೆ. ಆದರೆ ಗಾಳದೊಂದಿಗೆ ದಂಡೆಯ ಮೇಲಿನ ಕಣ್ಣುಗಳೂ ಹೋದವು, ಅವುಗಳ ಜಾಗಕ್ಕೆ ಬೇರೆ ಕಣ್ಣು ಬರಲಿಲ್ಲ. "ನಾವು ರಾತ್ರಿ ಮಡುವಿನ ಪಕ್ಕ ಮಲಗುತ್ತಿದ್ದೆವು. ತೋಟೆಯವರು ಬರುತ್ತಿರಲಿಲ್ಲ. ಈಗ ಕೆಲವು ರಾತ್ರಿ ಸದ್ದು ಊರಿಗೇ ಕೇಳಿಸುತ್ತದೆ" ಎಂದರು ಹಿರಿಯರು. ಹೇಳುವಾಗ ಅವರ ದನಿಯಲ್ಲಿ ಸಿಟ್ಟಿತ್ತು, ನನಗೂ ಬಂತು.

ಕಾವಲಿದ್ದರೆ ನದಿಯ ಮೀನು ಉಳಿಯುತ್ತದೆ ಎನ್ನುವುದಕ್ಕೆ ಗಾಳವಿಲ್ಲದ ಸಾಕ್ಷಿಯೂ ನಮ್ಮಲ್ಲಿದೆ. ಶೃಂಗೇರಿಯಲ್ಲಿ ತುಂಗೆಯ, ರಾಮನಾಥಪುರದಲ್ಲಿ ಕಾವೇರಿಯ, ಶಿಶಿಲದಲ್ಲಿ ಕಪಿಲೆಯ ದೇವರ ಮೀನುಗಳು ಭಕ್ತರ ಕಣ್ಣೆದುರಿಗೇ ಬೆಳೆಯುತ್ತವೆ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಮೀನುಗಳನ್ನು ಕೊಂದಾಗ ಊರವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ಭಕ್ತಿ ಇರಲಿ, ಹವ್ಯಾಸ ಇರಲಿ, ಕೂಲಿ ಇರಲಿ, ದಂಡೆಯ ಮೇಲೆ ಯಾರೋ ದಿನವೂ ಇರಬೇಕು.

ಸಂಜೆ ಹುಡುಗ ಮಡುವಿನ ಅಂಚಿನಲ್ಲಿ ಕೋಲಿಲ್ಲದೆ ಕುಳಿತಿದ್ದ. ನೀರುನಾಯಿಗಳ ಹಿಂಡೊಂದು ಆಚೆ ದಡದಲ್ಲಿ ಮೀನು ಹರಿದು ತಿನ್ನುತ್ತಿತ್ತು. ಒಂದು ದೊಡ್ಡ ಬೆನ್ನು ನೀರನ್ನು ಸೀಳಿ ಹೊರಳಿತು. ನೀಲಿ ರೆಕ್ಕೆಯದೋ ಕಿತ್ತಳೆ ರೆಕ್ಕೆಯದೋ ತಿಳಿಯುವಷ್ಟು ಹೊತ್ತು ಅದು ಮೇಲಿರಲಿಲ್ಲ.

ಸೋಮವಾರ: ತೊರೆಕಾಡನಹಳ್ಳಿ ದಾರಿ

ವಾಪಸು ಬರುವಾಗ ತೊರೆಕಾಡನಹಳ್ಳಿಯ ಕಡೆ ತಿರುಗಿದೆವು. ಬೆಂಗಳೂರಿಗೆ ಹೋಗುವ ಕಾವೇರಿ ಇಲ್ಲಿಂದ ಹೊರಟು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. ರಸ್ತೆಯ ಪಕ್ಕದಲ್ಲೇ ಆಳೆತ್ತರದ ಕೊಳವೆಗಳು. ಬೇಲಿಯ ಹೊರಗಿನಿಂದಲೇ ನೋಡಿ ಹೊರಟೆವು.

ಕನಕಪುರ ರಸ್ತೆಯ ಹೋಟೆಲಿನಲ್ಲಿ ಇಡ್ಲಿ ಆರುತ್ತಿರುವಂತೆಯೇ ಹುಡುಗ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಮೀನುಗಾರಿಕೆ ಇಲಾಖೆಗೂ ಅರಣ್ಯ ಇಲಾಖೆಗೂ ಮನವಿ ಬರೆಯತೊಡಗಿದ. ನಾನು ಹೇಳಿದ್ದನ್ನು ಕೆಲವು ಕಡೆ ಒಪ್ಪಿದ, ಕೆಲವು ಕಡೆ ಹೊಡೆದುಹಾಕಿದ. ಅಭಯಾರಣ್ಯದ ಗಡಿಯ ಹೊರಗೆ, ಗುರುತಿಸಿದ ಕೆಲವೇ ಮಡುಗಳಲ್ಲಿ, ಮುಳ್ಳಿಲ್ಲದ ಗಾಳದಿಂದ ಹಿಡಿದು ಬಿಡುವ ಪದ್ಧತಿಗೆ ಪರವಾನಗಿ ಕೊಡಿ. ಮುಂಗಾರಿನಲ್ಲಿ, ಮೀನು ಮೊಟ್ಟೆಯಿಡಲು ಹತ್ತುವಾಗ, ಪೂರ್ತಿ ನಿಲ್ಲಿಸಿ. ಪರವಾನಗಿಯ ಹಣ ದಂಡೆಯ ಹಳ್ಳಿಗಳ ಕಾವಲುಗಾರರ ಸಂಬಳಕ್ಕೇ ಹೋಗಲಿ. ಹಿಡಿದ ಪ್ರತಿ ಮೀನಿನ ಜಾತಿ, ಉದ್ದ, ಜಾಗ, ನೀರಿನ ಸ್ಥಿತಿ ಬರೆಯುವುದು ಕಡ್ಡಾಯವಾಗಲಿ, ಆ ಪುಸ್ತಕ ಎಲ್ಲರಿಗೂ ಓದಲು ಸಿಗಲಿ. ಕಾವೇರಿಗೆ ಹೊರಗಿನ ಮಹಶೀರ್ ಮರಿ ಬಿಡುವುದನ್ನು ನಿಲ್ಲಿಸಿ. ಕೊನೆಯಲ್ಲಿ ಅವನೇ ಒಂದು ಸಾಲು ಸೇರಿಸಿದ. ಅದು ನನಗೆ ಹೊಳೆದಿರಲಿಲ್ಲ: ಕೆಂಗೇರಿಯಿಂದ ಸಂಗಮದವರೆಗೆ ವೃಷಭಾವತಿ, ಅರ್ಕಾವತಿಗಳ ದಂಡೆಯಲ್ಲಿ ಪ್ರತಿ ತಿಂಗಳು ನೀರಿನ ಆಮ್ಲಜನಕ ಅಳೆದು ಬರೆಯುವ ಕೆಲಸವನ್ನು ನಗರದ ಗಾಳಗಾರರ ಗುಂಪುಗಳಿಗೆ ಕೊಡಿ, ಸಂಬಳ ಬೇಡ, ಅಳೆಯುವ ಸಲಕರಣೆ ಕೊಟ್ಟರೆ ಸಾಕು. ಮುಂದಿನ ಭಾನುವಾರ ಕೆಂಗೇರಿಯ ಸೇತುವೆಯಿಂದ ಶುರು ಮಾಡುವುದಾಗಿ ಅವನ ಗೆಳೆಯರ ಗುಂಪಿಗೆ ಹೋಟೆಲಿನಿಂದಲೇ ಸಂದೇಶ ಹೋಯಿತು. ಬಿಲ್ಲು ಕೊಡುವಷ್ಟರಲ್ಲಿ ನಾಲ್ವರು ಬರುತ್ತೇವೆಂದು ಉತ್ತರಿಸಿದ್ದರು.